ಹಸಿ ಸಿಮೆಂಟಿನಿಂದ ಕೈ, ಕಾಲು, ಕಣ್ಣು ಕಾಯ್ದುಕೊಳ್ಳುವುದು ಹೇಗೆ

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಅಂದ ಕೂಡಲೇ ಜನ ಫ್ಯಾಕ್ಟರಿ ದೂಳಿನ ಮಾತು ತೆಗೆಯುತ್ತಾರೆ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಸೇಡಂನಲ್ಲಿ ಮೆಡಿಕಲ್ ಅಂಗಡಿ ನಡೆಸುವವಳು. ನನ್ನ ಕೌಂಟರಿನ ಮೇಲೆ ಚಾಚುವ ಕೈಗಳು ಹೆಚ್ಚಾಗಿ ಗೋಡೆ ಕಟ್ಟುವ ಗೌಂಡಿಗಳವು, ಅವರ ಜೊತೆ ಮಾಲು, ಅಂದರೆ ಕಲಸಿದ ಸಿಮೆಂಟ್, ಹೊರುವ ಹೆಣ್ಣುಮಕ್ಕಳವು. ಬೆರಳ ಸಂದಿಯಲ್ಲಿ ಸೀಳು, ಉಗುರಿನ ಸುತ್ತ ಬಿಳಿ ಪದರ, ಮಣಿಕಟ್ಟಿನ ಮೇಲೆ ನೀರು ಜಿನುಗುವ ಗುಳ್ಳೆ. "ಅಕ್ಕಾ, ಕೈ ಭಾಳ ತುರಸ್ಲತ್ತದ, ಆ ಬಿಳಿ ಟ್ಯೂಬ್ ಕೊಡ್ರಿ" ಅಂತಾರೆ. ಟ್ಯೂಬಿನ ಮಾತು ಆಮೇಲೆ ಆಡೋಣ. ಮೊದಲು, ಟ್ಯೂಬೇ ಬೇಕಾಗದ ಹಾಗೆ ಏನು ಮಾಡಬೇಕು ಅಂತ ಹೇಳುತ್ತೇನೆ. ಮನೆ ಕಟ್ಟಿಸುವವರೂ ಓದಿ. ಇದರಲ್ಲಿ ಅರ್ಧ ಕೆಲಸ ನಿಮ್ಮದು.

ಸುಡುವುದು ಯಾವುದು?

ಸಿಮೆಂಟಿಗೆ ನೀರು ಬಿದ್ದ ಮೇಲೆ ಅದರೊಳಗೆ ಸುಣ್ಣ ತಯಾರಾಗುತ್ತದೆ. ಎಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಎಲೆಗೆ ಒಂದು ಚೂರು ಜಾಸ್ತಿ ಆದರೆ ನಾಲಿಗೆ ಸುಲಿಯುತ್ತದೆ ಅಲ್ವಾ? ಹಸಿ ಮಾಲಿನಲ್ಲಿ ಮುಂಜಾನೆಯಿಂದ ಸಂಜೆವರೆಗೆ ಇರುವ ಚರ್ಮದ ಗತಿ ಯೋಚಿಸಿ. ಹುಳಿ ಎಷ್ಟು, ಕ್ಷಾರ (ಸುಣ್ಣದ ಗುಣ) ಎಷ್ಟು ಅಂತ ಅಳೆಯುವ ಪಿಎಚ್ ಲೆಕ್ಕದಲ್ಲಿ ಸಾದಾ ನೀರು 7. ನಮ್ಮ ಚರ್ಮ 5ರ ಆಸುಪಾಸು, ಸ್ವಲ್ಪ ಹುಳಿ ಕಡೆಗೆ. ಹಸಿ ಸಿಮೆಂಟ್ 12ರಿಂದ 13. ಈ ಲೆಕ್ಕದಲ್ಲಿ ಒಂದು ಅಂಕಿ ಏರಿತು ಅಂದರೆ ಕ್ಷಾರ ಹತ್ತು ಪಟ್ಟು ಏರಿತು ಅಂತ.

ಇದರ ಕೆಟ್ಟ ಗುಣ ಏನಂದರೆ, ತಕ್ಷಣ ನೋವಾಗುವುದಿಲ್ಲ. ಕಾದ ಹಂಚು ಮುಟ್ಟಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಹಸಿ ಸಿಮೆಂಟ್ ತಣ್ಣಗೆ, ಮೆತ್ತಗೆ ಇರುತ್ತದೆ. ಕೆಲಸ ಮಾಡುವವನಿಗೆ ಗೊತ್ತೇ ಆಗದೆ ಗಂಟೆಗಟ್ಟಲೆ ಒಳಗಿಳಿಯುತ್ತದೆ. ಉರಿ ಶುರುವಾಗುವಷ್ಟರಲ್ಲಿ ಸುಟ್ಟಾಗಿರುತ್ತದೆ.

ಸ್ಲ್ಯಾಬ್ ಹಾಕಿದ ಮರುದಿನ ಒಬ್ಬ ಹುಡುಗ ಬಂದಿದ್ದ. ಗಂಬೂಟ್ ಹಾಕಿಕೊಂಡೇ ಕೆಲಸ ಮಾಡಿದ್ದ. ಆದರೆ ಪ್ಯಾಂಟನ್ನು ಬೂಟಿನೊಳಗೆ ತುರುಕಿದ್ದ. ಮೇಲಿಂದ ಸೋರಿದ ಸಿಮೆಂಟ್ ನೀರು ಪ್ಯಾಂಟಿಗುಂಟ ಇಳಿದು ಬೂಟಿನೊಳಗೆ ನಿಂತಿತ್ತು. ಮೀನಖಂಡದ ಸುತ್ತ, ಬೂಟಿನ ಬಾಯಿ ತಿಕ್ಕುವ ಜಾಗದಲ್ಲಿ, ಬಳೆ ಹಾಕಿದ ಹಾಗೆ ಒಂದು ಕಪ್ಪುಗೆಂಪು ಪಟ್ಟಿ. ಪಟ್ಟಿಯ ಅಂಚಿನಲ್ಲಿ ಗುಳ್ಳೆ, ನಡುವೆ ಚರ್ಮ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. "ನಿನ್ನೆ ಏನೂ ಆಗಿರ್ಲಿಲ್ಲರಿ" ಅಂದ. ಬೂದಿ ಬಣ್ಣದ ಗಟ್ಟಿ ಜಾಗ ಮುಟ್ಟಿದರೆ ನೋವಿಲ್ಲ ಅಂತ ಖುಷಿಪಟ್ಟ. ಖುಷಿಪಡುವ ವಿಷಯ ಅಲ್ಲ ಅದು. ಆಳಕ್ಕೆ ಸುಟ್ಟಾಗಲೇ ಸ್ಪರ್ಶ ಹೋಗುತ್ತದೆ. ಟ್ಯೂಬ್ ಕೊಡದೆ ಆಸ್ಪತ್ರೆಗೆ ಕಳಿಸಿದೆ.

ಎರಡನೇ ತೊಂದರೆ ಕ್ರೋಮಿಯಂ ಅನ್ನುವ ಲೋಹ. ಸುಣ್ಣದ ಕಲ್ಲು, ಮಣ್ಣಿನಲ್ಲೇ ಇದು ಅತಿ ಸ್ವಲ್ಪ ಇರುತ್ತದೆ. 1450 ಡಿಗ್ರಿ ಸುಮಾರಿನ ಭಟ್ಟಿಯಲ್ಲಿ ಬೆಂದಾಗ ಅದರಲ್ಲಿ ಒಂದಿಷ್ಟು ಭಾಗ ನೀರಿನಲ್ಲಿ ಕರಗುವ, ಚರ್ಮದೊಳಗೆ ಇಳಿಯುವ ರೂಪಕ್ಕೆ ತಿರುಗುತ್ತದೆ. ಇದು ಸುಡುವುದಿಲ್ಲ, ಅಲರ್ಜಿ ಹುಟ್ಟಿಸುತ್ತದೆ. ಡೆನ್ಮಾರ್ಕ್ ದೇಶದಲ್ಲಿ 1980ರ ದಶಕದ ಆರಂಭದಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಇದರ ಹಲ್ಲು ಕಿತ್ತರು. ಯುರೋಪಿನಲ್ಲಿ 2005ರಿಂದ ಹತ್ತು ಲಕ್ಷ ಭಾಗಕ್ಕೆ 2 ಭಾಗಕ್ಕಿಂತ ಜಾಸ್ತಿ ಇಂಥ ಕ್ರೋಮಿಯಂ ಇರಬಾರದು ಅಂತ ಕಾನೂನೇ ಇದೆ. ಫೆರಸ್ ಸಲ್ಫೇಟ್ ಅಂದರೆ ರಕ್ತ ಕಮ್ಮಿ ಇದ್ದವರಿಗೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಇರುವುದೇ. ದುಬಾರಿ ವಸ್ತು ಏನಲ್ಲ.

ಅರಿಶಿನದ ಪಟ್ಟಿ

ಸೈಟಿನಲ್ಲಿ ಡ್ರಮ್ ಇರುತ್ತದೆ. ಅದರಲ್ಲೇ ಕರಣಿ ತೊಳೆಯುತ್ತಾರೆ, ಬುಟ್ಟಿ ಅದ್ದುತ್ತಾರೆ, ಊಟದ ಹೊತ್ತಿಗೆ ಕೈಯನ್ನೂ ಅದರಲ್ಲೇ ಆಡಿಸಿ ರೊಟ್ಟಿ ಮುರಿಯುತ್ತಾರೆ. ಕೈ ತೊಳೆದೆ ಅಂದುಕೊಂಡವರು ನಿಜವಾಗಿ ಸುಣ್ಣದ ನೀರಿನಲ್ಲಿ ಕೈ ಅದ್ದಿರುತ್ತಾರೆ. ನಾನು ಬಾಯಿಂದ ಎಷ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಈಗ ಹೀಗೆ ತೋರಿಸುತ್ತೇನೆ.

ಒಂದು ಬಿಳಿ ಅರಿವೆಯ ತುಂಡನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ. ಅದನ್ನು ಬೆರಳಗಲ ಪಟ್ಟಿ ಮಾಡಿ ಕತ್ತರಿಸಿಟ್ಟುಕೊಳ್ಳಿ. ಡ್ರಮ್ಮಿನ ನೀರಿಗೆ ಒಂದು ಪಟ್ಟಿ ಅದ್ದಿ. ಹಳದಿ ಹೋಗಿ ಕೆಂಪಾದರೆ ಆ ನೀರಿನಲ್ಲಿ ಕ್ಷಾರ ಇದೆ. ಆರತಿಗೆ ಓಕುಳಿ ಮಾಡುವಾಗ ಅರಿಶಿನಕ್ಕೆ ಸುಣ್ಣ ಬೆರೆಸುತ್ತೇವಲ್ಲ, ಅಲ್ಲಿ ಆಗುವುದೂ ಇದೇ. ಗ್ಲೌಸಿನ ಒಳಗೆ, ಸಾಕ್ಸಿನ ಮೇಲೆ ಒದ್ದೆ ಪಟ್ಟಿ ಒತ್ತಿ ನೋಡಿ. ಒಬ್ಬ ಹಿರಿಯ ಗೌಂಡಿ ಕಾಕಾ ತನ್ನ "ತೊಳೆದ" ಅಂಗೈಗೇ ಪಟ್ಟಿ ಒತ್ತಿಕೊಂಡ. ಕೆಂಪಾದ ಪಟ್ಟಿ ನೋಡಿ ಏನೂ ಮಾತಾಡದೆ ಹೊರಗಿನ ನಲ್ಲಿಗೆ ಹೋದ. ನನ್ನ ಭಾಷಣಕ್ಕಿಂತ ಈ ಅರಿವೆ ತುಂಡೇ ಜಾಸ್ತಿ ಕೆಲಸ ಮಾಡಿದೆ.

ಹಾಗಾಗಿ ಮನೆ ಕಟ್ಟಿಸುವವರಿಗೆ ನನ್ನ ಮೊದಲ ಮಾತು: ಮೈ ತೊಳೆಯಲು ಬೇರೆ ನೀರು ಇಡಿ. ದೊಡ್ಡ ಕ್ಯಾನು, ಕೆಳಗೆ ನಲ್ಲಿ, ಪಕ್ಕದಲ್ಲಿ ಮೈಸೋಪು. ಯಾರೂ ಅದರೊಳಗೆ ಕೈ ಅದ್ದಬಾರದು, ನೀರು ಹರಿದು ಬೀಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ಕ್ಯೂರಿಂಗಿಗೆ ನೀರು ಹೊಡೆಸುತ್ತೀರಿ. ಗೋಡೆಗೆ ಸಿಗುವ ನೀರಿನಲ್ಲಿ ನಾಲ್ಕು ಕೊಡ ಕೈಗೂ ಸಿಗಲಿ.

ಮೈಮೇಲೆ ಏನು ಹಾಕಿಕೊಳ್ಳಬೇಕು

ಗ್ಲೌಸಿನ ವಿಷಯದಲ್ಲಿ ಎರಡು ಗೊಂದಲ ಇದೆ. ಆಸ್ಪತ್ರೆಯ ತೆಳು ಗ್ಲೌಸ್ ನನ್ನ ಅಂಗಡಿಯಲ್ಲೂ ಸಿಗುತ್ತದೆ, ಗೌಂಡಿ ಕೆಲಸಕ್ಕೆ ಬೇಡ. ಇಟ್ಟಿಗೆಯ ಅಂಚಿಗೆ ತಾಗಿದರೆ ಹರಿಯುತ್ತದೆ. ಬರೀ ನೂಲಿನ ಗ್ಲೌಸ್ ಮಾಲಿನ ನೀರು ಹೀರಿ ಚರ್ಮಕ್ಕೆ ಅಂಟಿಸಿ ಇಡುತ್ತದೆ. ಚರ್ಮದ ಗ್ಲೌಸೂ ಹಾಗೇ. ಹಾರ್ಡ್‌ವೇರ್ ಅಂಗಡಿಯಲ್ಲಿ ನೈಟ್ರೈಲ್ ಅಥವಾ ಪಿವಿಸಿ ಪದರ ಇರುವ, ಮಣಿಕಟ್ಟು ದಾಟುವ ಉದ್ದದ ಗ್ಲೌಸ್ ಕೇಳಿ. ಪದರ ಅಂಗೈಗೆ ಮಾತ್ರ ಇರುವವೂ ಇವೆ. ಹಿಂಗೈ ಕಡೆಯಿಂದ ನೀರು ಒಳಗೆ ಹೋಗುತ್ತದೆ, ಅದು ಬೇಡ. ಕೈ ಎತ್ತಿ ಛತ್ತಿಗೆ ಪ್ಲಾಸ್ಟರ್ ಮಾಡುವಾಗ ಗ್ಲೌಸಿನ ಬಾಯಿಯನ್ನು ಹೊರಕ್ಕೆ ಮಡಚಿ. ಸೋರಿದ್ದು ಮಡಿಕೆಯಲ್ಲಿ ನಿಲ್ಲುತ್ತದೆ, ತೋಳಿಗೆ ಇಳಿಯುವುದಿಲ್ಲ.

ಗ್ಲೌಸಿನೊಳಗೆ ಮಾಲು ಹೋದರೆ ಅದು ಬರಿಗೈಗಿಂತ ಕೆಟ್ಟದ್ದು. ಬರಿಗೈ ಗಾಳಿಗೆ ಒಣಗುತ್ತದೆ, ಗ್ಲೌಸಿನೊಳಗೆ ಒಣಗುವುದೇ ಇಲ್ಲ. ತಕ್ಷಣ ತೆಗೆದು, ಕೈ ತೊಳೆದು, ಬೇರೆ ಜೋಡಿ ಹಾಕಿ. ಅದಕ್ಕೇ ಎರಡು ಜೋಡಿ ಇರಲಿ ಅನ್ನುವುದು.

"ಈ ಬಿಸಿಲಿನಾಗ ಗ್ಲೌಸ್ ಹ್ಯಾಂಗ ಹಾಕೋದ್ರಿ ಅಕ್ಕಾ?" ಅಂತ ಎಲ್ಲರೂ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಅರ್ಧ ಗಂಟೆಗೆ ಗ್ಲೌಸಿನೊಳಗೆ ಬೆವರಿನ ಕೆರೆ. ಇಡೀ ದಿನ ಹಾಕಿಕೊಂಡೇ ಇರಿ ಅಂತ ನಾನು ಹೇಳುವುದಿಲ್ಲ. ಕೈ ನೇರ ಮಾಲಿಗೆ ತಾಗುವ ಕೆಲಸಕ್ಕೆ ಹಾಕಿ, ಇಟ್ಟಿಗೆ ಎತ್ತಿಕೊಡುವಾಗ, ದಾರ ಹಿಡಿಯುವಾಗ ತೆಗೆದು ಒಣಗಿಸಿ. ಆದರೆ ಬಿಸಿಲಿನ ಇನ್ನೊಂದು ಆಟ ಗೊತ್ತಿರಲಿ: ಒಣ ಸಿಮೆಂಟ್ ದೂಳು ಬೆವರಿನ ಮೇಲೆ ಕೂತರೆ ಅಲ್ಲೇ ಹಸಿ ಸಿಮೆಂಟ್ ಆಗುತ್ತದೆ. ಕಾಲರ್ ತಿಕ್ಕುವ ಕುತ್ತಿಗೆ, ಮೊಣಕೈ ಮಡಿಕೆ, ಸೊಂಟದ ಪಟ್ಟಿ, ತೊಡೆಯ ಸಂದಿ, ಇಲ್ಲೆಲ್ಲ ಮೊದಲು ಕೆಂಪಾಗುತ್ತದೆ. ಚೀಲ ಹೊರುವವರು ಮಧ್ಯಾಹ್ನ ಒಮ್ಮೆ ಈ ಜಾಗಗಳನ್ನು ತೊಳೆದುಕೊಳ್ಳಬೇಕು.

ಕಾಲಿಗೆ ಗಂಬೂಟ್. ಒಂದು ದಿನದ ಕೂಲಿಗಿಂತ ಕಡಿಮೆಯಲ್ಲಿ ಒಂದು ಜೋಡಿ ಬರುತ್ತದೆ. ಪ್ಯಾಂಟು ಬೂಟಿನ ಹೊರಗೆ ಇರಲಿ, ಒಳಗಲ್ಲ. ಬರಿಗಾಲಲ್ಲಿ ಕಾಂಕ್ರೀಟ್ ತುಳಿಯುವ ಹುಡುಗರನ್ನು ಗದರಿಸಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರನ್ನು. ಅವರ ಪಾದಕ್ಕೆ ಮೊದಲೇ ಸ್ಪರ್ಶ ಕಮ್ಮಿ, ಸುಟ್ಟದ್ದು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ನೆಲ ಸಾಪು ಮಾಡುವವರು ಮೊಣಕಾಲೂರಿ ಕೂರುತ್ತಾರೆ. ಮೊಣಕಾಲ ಕೆಳಗೆ ಖಾಲಿ ಸಿಮೆಂಟ್ ಚೀಲ ಹಾಕಿಕೊಂಡರೆ ಪ್ರಯೋಜನ ಇಲ್ಲ, ಅದು ನೆನೆಯುತ್ತದೆ. ಒಂದು ಹಲಗೆ ಹಾಕಿಕೊಳ್ಳಿ.

ಹೆಣ್ಣುಮಕ್ಕಳ ಸಿಂಬಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಬುಟ್ಟಿಯಿಂದ ಸೋರುವ ನೀರೆಲ್ಲ ಆ ಅರಿವೆಯೇ ಕುಡಿಯುವುದು. ಸಂಜೆ ಒಣಗಿ ಕಟ್ಟಿಗೆಯಂತೆ ಸೆಟೆದಿರುತ್ತದೆ, ಮರುದಿನ ಅದನ್ನೇ ಮತ್ತೆ ತಲೆಗೆ ಇಡುತ್ತಾರೆ, ಬೆವರಿಗೆ ಮತ್ತೆ ಹಸಿಯಾಗುತ್ತದೆ. ಬೈತಲೆಯ ಗುಂಟ ಕೂದಲು ಉದುರಿ, ಹಣೆಯಂಚಿನಲ್ಲಿ ಹೆಪ್ಪುಗಟ್ಟಿದ ಹುಣ್ಣು ತೋರಿಸಿದವರು ಇದ್ದಾರೆ. ತಲೆಗೆ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಿಂಬಿ. ಸಿಂಬಿಯನ್ನು ದಿನಾ ಒಗೆಯಬೇಕು, ಎರಡು ಇಟ್ಟುಕೊಂಡರೆ ಇನ್ನೂ ಛಲೋ. ಸೀರೆಯ ಅಂಚನ್ನು ಮೇಲೆ ಸಿಕ್ಕಿಸಿಕೊಳ್ಳಿ. ಒದ್ದೆ ಅಂಚು ಇಡೀ ದಿನ ಹಿಮ್ಮಡಿ ಮೇಲೆ ತಿಕ್ಕುತ್ತಿರುತ್ತದೆ.

ಕೆಲಸದ ಅರಿವೆಯನ್ನು ಮನೆಯ ಅರಿವೆಯ ಜೊತೆ ನೆನೆ ಹಾಕಬೇಡಿ. ಮೊದಲು ಒಣಗಿದ್ದನ್ನು ಹೊರಗೆ ಕೊಡವಿ, ಆಮೇಲೆ ಜಾಸ್ತಿ ನೀರಿನಲ್ಲಿ ಜಾಲಿಸಿ. ಗೌಂಡಿ ಕೆಲಸಕ್ಕೆ ಎಂದೂ ಹೋಗದ ಹೆಂಡತಿಯ ಕೈ ಒಡೆದಿರುವುದು ಇದರಿಂದಲೇ.

ಸಂಜೆ ಕೈ ತೊಳೆಯುವಾಗ ಸೀಮೆಎಣ್ಣೆ, ಬಟ್ಟೆ ಸೋಪಿನ ಪುಡಿ, ಫರ್ಸಿ ಕಲ್ಲಿನ ಚೂರು ಹಚ್ಚಿ ತಿಕ್ಕುವವರಿದ್ದಾರೆ. ಉಳಿದ ಚರ್ಮವೂ ಹೋಗುತ್ತದೆ. ಮೈಸೋಪು ಸಾಕು. ಒರೆಸಿಕೊಂಡು ಕೈ ಸ್ವಲ್ಪ ಒದ್ದೆ ಇದ್ದಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಕೆಲಸಕ್ಕೆ ಮುಂಚೆ ಕುಸುಬಿ ಎಣ್ಣೆ ಸವರಿಕೊಂಡು ಗ್ಲೌಸ್ ಬೇಡ ಅನ್ನುವವರನ್ನು ನಂಬಬೇಡಿ, ಎಣ್ಣೆ ಹಸಿ ಮಾಲನ್ನು ತಡೆಯುವುದಿಲ್ಲ.

ತಾಗಿದ ಮೇಲೆ

ಒಣ ಪುಡಿ ಮೈಮೇಲೆ ಬಿದ್ದರೆ ಮೊದಲು ಕೊಡವಿ, ಆಮೇಲೆ ನೀರು. ಹಸಿಯಾದದ್ದು ಬಿದ್ದರೆ ಆ ಜಾಗದ ಬಟ್ಟೆ, ಬೂಟು, ಉಂಗುರ, ಕೈಕಡಗ ಎಲ್ಲ ತೆಗೆದು ಹರಿಯುವ ನೀರಿನಡಿ ಹಿಡಿಯಿರಿ. ಉರಿ ಇದ್ದರೆ 20 ನಿಮಿಷ ಹಿಡಿಯಬೇಕು. ಇಪ್ಪತ್ತು ನಿಮಿಷ ಅಂದರೆ ಬಹಳ ಉದ್ದ, ಜನ ಎರಡು ನಿಮಿಷಕ್ಕೆ ಸಾಕು ಅನ್ನುತ್ತಾರೆ. ಮೊಬೈಲಿನಲ್ಲಿ ಟೈಮ್ ಇಟ್ಟುಕೊಳ್ಳಿ. ಸುಣ್ಣಕ್ಕೆ ಹುಳಿ ಮದ್ದು ಅಂತ ಲಿಂಬೆಹಣ್ಣು ಹಿಂಡಬೇಡಿ. ಟೂತ್‌ಪೇಸ್ಟ್, ತುಪ್ಪ, ಅರಿಶಿನ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಬೂದಿ ಬಣ್ಣ ಅಥವಾ ಕಪ್ಪು ಕಂಡರೆ, ಅಂಗೈ ಅಗಲಕ್ಕಿಂತ ದೊಡ್ಡದಿದ್ದರೆ, ಮುಖ, ಪಾದ, ಗುಪ್ತಾಂಗ, ಕೀಲಿನ ಮೇಲಿದ್ದರೆ ಆಸ್ಪತ್ರೆ. ಮರುದಿನ ನೋಡೋಣ ಅನ್ನಬೇಡಿ, ಇದು ಮರುದಿನ ಬೆಳೆಯುವ ಗಾಯ.

ಕಣ್ಣಿಗೆ ಬಿದ್ದರೆ ಉಳಿದ ಎಲ್ಲ ಬಿಟ್ಟು ಅಲ್ಲೇ, ಆ ನಿಮಿಷವೇ ನೀರು ಹಾಕಬೇಕು. ಆಸ್ಪತ್ರೆ ಆಮೇಲೆ. ಕಣ್ಣಿಗೆ ಆಸಿಡ್‌ಗಿಂತ ಸುಣ್ಣ ಮೋಸ, ಅದು ಒಳಗಿಳಿಯುತ್ತಲೇ ಹೋಗುತ್ತದೆ. ಮಲಗಿಸಿ, ತಲೆಯನ್ನು ನೋವಿರುವ ಕಣ್ಣಿನ ಕಡೆ ವಾಲಿಸಿ, ಇಲ್ಲದಿದ್ದರೆ ನೀರು ಇನ್ನೊಂದು ಕಣ್ಣಿಗೆ ಹೋಗುತ್ತದೆ. ರೆಪ್ಪೆಗಳನ್ನು ಇನ್ನೊಬ್ಬರು ಬಿಡಿಸಿ ಹಿಡಿಯಬೇಕು, ಅವನು ತಾನಾಗಿ ತೆಗೆಯಲಾರ. ಮೂಗಿನ ಕಡೆಯಿಂದ ಹೊರಕ್ಕೆ ತಂಬಿಗೆಯಿಂದ ಸಣ್ಣ ಧಾರೆ, ಕಡಿಮೆ ಅಂದರೆ 20 ನಿಮಿಷ. ನಡುವೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡಲು ಹೇಳಿ. ಸಿಮೆಂಟ್ ಚೂರು ಮೇಲಿನ ರೆಪ್ಪೆಯ ಹಿಂದೆ ಅಂಟಿ ಕೂತು ಗಂಟೆಗಟ್ಟಲೆ ಸುಣ್ಣ ಬಿಡುತ್ತಿರುತ್ತದೆ, ಅದನ್ನು ಡಾಕ್ಟರೇ ರೆಪ್ಪೆ ಮಗುಚಿ ತೆಗೆಯಬೇಕು. ಹಾಗಾಗಿ ಉರಿ ಕಮ್ಮಿಯಾದರೂ ಕಣ್ಣಿನ ಡಾಕ್ಟರ್ ಹತ್ತಿರ ಹೋಗಲೇಬೇಕು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ನೀರು ನಿಲ್ಲಿಸಬೇಡಿ.

ಈ ಮಾತಿಗೆ ಬಂದಾಗ ಒಂದು ಬೇರೆ ಸಂಗತಿ ಹೇಳಿಬಿಡುತ್ತೇನೆ. ಪಾನ್ ಡಬ್ಬಿಯಲ್ಲಿ ಸಿಗುವ ಸಣ್ಣ ಸುಣ್ಣದ ಪೊಟ್ಟಣವನ್ನು ಮಕ್ಕಳು ಒತ್ತಿ ಆಡುತ್ತಾರೆ. ಅದು ಪಟ್ಟನೆ ಒಡೆದು ಕಣ್ಣಿಗೇ ಚಿಮ್ಮುತ್ತದೆ. ದೇಶದ ಕಣ್ಣಾಸ್ಪತ್ರೆಗಳಲ್ಲಿ ಮಕ್ಕಳ ಕಣ್ಣು ಹಾಳಾಗುವ ಗೊತ್ತಿರುವ ಕಾರಣ ಇದು. ಮನೆಯಲ್ಲಿ ಅಜ್ಜ ಅಜ್ಜಿಯ ಎಲೆ ಚೀಲ ಮೇಲೆ ಇಡಿ. ತೊಳೆಯುವ ಕ್ರಮ ಇಲ್ಲೂ ಇದೇ.

ಉರಿಯೋ, ಅಲರ್ಜಿಯೋ?

ಸುಣ್ಣದಿಂದ ಒಡೆದ ಕೈ ಎಲ್ಲಿ ಮಾಲು ತಾಗಿತ್ತೋ ಅಲ್ಲೇ ಇರುತ್ತದೆ. ಜಾತ್ರೆಗೋ ಮದುವೆಗೋ ಎಂಟು ದಿನ ರಜೆ ಹಾಕಿದರೆ ಸುಧಾರಿಸುತ್ತದೆ. ಕ್ರೋಮಿಯಂ ಅಲರ್ಜಿ ಬೇರೆ ತರಹ. ವರ್ಷಗಟ್ಟಲೆ ಏನೂ ಆಗದವನಿಗೂ ಒಂದು ದಿನ ಶುರುವಾಗಬಹುದು. ಉರಿಗಿಂತ ತುರಿಕೆ ಜಾಸ್ತಿ. ಹಿಂಗೈ, ಮಣಿಕಟ್ಟು, ಮುಂದೋಳಿಗೆ ಏರುತ್ತದೆ, ಕೆಲವರಿಗೆ ಕಣ್ಣಿನ ರೆಪ್ಪೆಯೂ ಊದುತ್ತದೆ. ರಜೆಯಲ್ಲಿ ಕಮ್ಮಿಯಾಗಿ, ಕೆಲಸಕ್ಕೆ ಹೋದ ಒಂದೆರಡು ದಿನದಲ್ಲೇ ಮತ್ತೆ ಬರುತ್ತದೆ, ಸ್ವಲ್ಪ ತಾಗಿದರೂ ಬರುತ್ತದೆ.

ಗುರುತು ಹಿಡಿಯಲು ನಾನು ಚಪ್ಪಲಿ ಬಿಚ್ಚಿಸುತ್ತೇನೆ. ಫ್ಯಾಕ್ಟರಿಯಲ್ಲಿ ಹದ ಮಾಡುವ ಬಹುಪಾಲು ಚರ್ಮಕ್ಕೆ ಕ್ರೋಮಿಯಂ ಉಪ್ಪು ಬಳಸುತ್ತಾರೆ. ಕೈಯಲ್ಲಿ ಗಾಯ, ಜೊತೆಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯದೇ ಆಕಾರದಲ್ಲಿ ಕೆಂಪು ಗೆರೆ ಇದ್ದರೆ ನನಗೆ ಅನುಮಾನ ಬರುತ್ತದೆ. ನಾನು ಡಾಕ್ಟರ್ ಅಲ್ಲ, ಖಚಿತ ಹೇಳುವುದು ಪ್ಯಾಚ್ ಟೆಸ್ಟ್. ಕಲಬುರಗಿಯ ಜಿಮ್ಸ್‌ನಂಥ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಕೇಳಿ. ಇಎಸ್‌ಐ ಕಾರ್ಡ್ ಇದ್ದವರು ಸೇಡಂ ರೋಡಿನ ಇಎಸ್‌ಐಸಿ ಆಸ್ಪತ್ರೆಯಲ್ಲಿ ಕೇಳಿ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸುತ್ತಾರೆ, ಅದರಲ್ಲಿ ಒಂದರಲ್ಲಿ ಪೊಟ್ಯಾಶಿಯಂ ಡೈಕ್ರೋಮೇಟ್ ಇರುತ್ತದೆ. ಎರಡು ದಿನ ಬೆನ್ನಿಗೆ ನೀರು ಹಾಕಬಾರದು, ಬೆವರಬಾರದು. ಆಮೇಲೆ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ನಮ್ಮ ಮೇ ತಿಂಗಳಲ್ಲಿ ಬೆವರದೆ ಇರುವುದು ಹೇಗೆ? ಚಳಿಗಾಲಕ್ಕೆ ಹಾಕಿಕೊಳ್ಳಿ.

ಡಾಕ್ಟರ್ ಚೀಟಿಯಲ್ಲಿ ನಿಮ್ಮ ಕೆಲಸ ಬರೆಸಿ. "ಗೌಂಡಿ, ಸಿಮೆಂಟ್ ಕೆಲಸ" ಅಂತ. ಬರೀ "ಚರ್ಮದ ತೊಂದರೆ" ಅಂದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಕೆಲಸದಿಂದ ಬರುವ ಕಾಯಿಲೆಗೆ ಪರಿಹಾರ ಕೊಡಿಸುವ ಕಾನೂನಿನ ಕಾಯಿಲೆ ಪಟ್ಟಿಯಲ್ಲೇ ಕ್ರೋಮಿಯಂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇಲ್ಲದವರು ಮಾಡಿಸಿ. ವಯಸ್ಸು 18ರಿಂದ 60ರೊಳಗೆ ಇದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹೆಣ್ಣುಮಕ್ಕಳಿಗೂ ಇದು ಸಿಗುತ್ತದೆ. ಗಂಡನ ಕಾರ್ಡ್ ಇದೆ ಅಂತ ಸುಮ್ನೆ ಕೂರಬೇಡಿ.

ಆ ಬಿಳಿ ಟ್ಯೂಬ್

ಜನ ಕೇಳುವ ಟ್ಯೂಬಿನಲ್ಲಿ ಸಾಮಾನ್ಯವಾಗಿ ಜೋರಾದ ಸ್ಟೀರಾಯ್ಡ್, ಜೊತೆಗೆ ಗಜಕರ್ಣದ ಔಷಧಿ, ಜೊತೆಗೆ ಆಂಟಿಬಯೋಟಿಕ್ ಎಲ್ಲ ಕಲಸಿರುತ್ತದೆ. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ. ಅದಕ್ಕೇ ಅದರ ಮೇಲೆ ಅಷ್ಟು ಪ್ರೀತಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ, ಮರುದಿನದ ಮಾಲು ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ. ಒಳಗೆ ಗಜಕರ್ಣ ಇದ್ದರೆ ಮೇಲೆ ಕಾಣದೆ ಹಬ್ಬುತ್ತದೆ. ಪ್ಯಾಚ್ ಟೆಸ್ಟ್‌ಗೆ ಮುಂಚೆ ಬೆನ್ನಿಗೆ ಹಚ್ಚಿದ್ದರೆ ಅಲರ್ಜಿ ಇದ್ದರೂ ಇಲ್ಲ ಅಂತ ಬರಬಹುದು. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ. ನಿಜವಾದ ಅಲರ್ಜಿಗೆ ಡಾಕ್ಟರ್ ಅದನ್ನೇ ಬರೆಯುತ್ತಾರೆ, ಇಷ್ಟು ದಿನ, ಇಷ್ಟು ಸಾರಿ ಅಂತ ಲೆಕ್ಕ ಹಾಕಿ. 2018ರಿಂದ ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಕೊಡುವ ಅಂಗಡಿಗಳಿವೆ, ಅಲ್ಲಿ ಸಿಗುತ್ತದೆ ಅಂತ ನನಗೇ ಬಂದು ಹೇಳುತ್ತಾರೆ.

ಕ್ರೋಮಿಯಂ ಅಲರ್ಜಿ ಖಚಿತವಾದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆಗ ಮುಲಾಮಿನ ಮೇಲೆ ಮುಲಾಮು ಹಚ್ಚುವ ಬದಲು ಕೆಲಸದ ಜಾಗ ಬದಲಿಸುವುದು ಉಪಯೋಗ. ಕಟ್ಟಡದಲ್ಲೇ ಹಸಿ ಸಿಮೆಂಟ್ ಕಮ್ಮಿ ತಾಗುವ ಕೆಲಸಗಳಿವೆ: ಸರಳು ಕಟ್ಟುವುದು, ಸೆಂಟ್ರಿಂಗ್, ವೈರಿಂಗ್ ಪೈಪು. ಟೈಲ್ಸ್ ಕೆಲಸಕ್ಕೆ ಹೋಗುತ್ತೇನೆ ಅನ್ನುವವರು ಒಮ್ಮೆ ಯೋಚಿಸಿ, ಸಂದಿಗೆ ತುಂಬುವುದೂ ಹೆಚ್ಚಾಗಿ ಸಿಮೆಂಟೇ. ಮೇಸ್ತ್ರಿಗೆ ಚೀಟಿ ತೋರಿಸಿ ಮಾತಾಡಿ. ಅನುಭವ ಇರುವ ಆಳನ್ನು ಸರಳು ಕೆಲಸಕ್ಕೆ ಹಾಕಿಕೊಳ್ಳಲು ಅವರೂ ಒಪ್ಪುತ್ತಾರೆ. ಚರ್ಮದ ಚಪ್ಪಲಿ ಬಿಟ್ಟು ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಕಿ, ಗಡಿಯಾರದ ಚರ್ಮದ ಪಟ್ಟಿಯನ್ನೂ ತೆಗೆಸಿ.